ಳಕಾರಕ್ಕೆ ಒಬ್ಬ ಡಾಕ್ಟರು

ಅತ್ತಿಗೆಯ ಮುಂದಿನ ಹಲ್ಲು ಮುರಿದದ್ದು ನೂಲು ಕಡಿಯುವಾಗ. ಕತ್ತರಿ ಪಕ್ಕದಲ್ಲೇ ಇತ್ತು. ಆದರೆ ಹೊಲಿಗೆಯವರ ಮನೆಯಲ್ಲಿ ಕತ್ತರಿ ಇರುವುದು ಬೇರೆಯವರು ಕೇಳಿದಾಗ ಕೊಡುವುದಕ್ಕೆ. ತಮ್ಮ ನೂಲಿಗೆ ತಮ್ಮ ಹಲ್ಲೇ. ಮೇಲುಸಾಲಿನ ನಟ್ಟನಡುವಿನ ಆ ಹಲ್ಲು ಹಿಂದೆಂದೋ ಊರಿನಲ್ಲಿ ಬೇರಿನ ನರ ತೆಗೆಸಿ ಟೊಪ್ಪಿ ಹಾಕಿಸಿಕೊಂಡದ್ದು. ಟಕ್ ಎಂದು ಮುರಿದು ಫಾಲ್ ಹಚ್ಚುತ್ತಿದ್ದ ಸೀರೆಯ ಮೇಲೆ ಬಿತ್ತು. ನೂಲು ಮಾತ್ರ ಕಡಿದಿರಲಿಲ್ಲ.

“ಹೋಗ್ಲಿ ಬಿಡೇ, ಒಂದು ಹಲ್ಲು ತಾನೆ,” ಎಂದರು ಅಣ್ಣ. ಅವರಿಗೆ ಲಿಫ್ಟ್ ತಪಾಸಣೆ ಮಾಡುವ ಕಂಪನಿಯಲ್ಲಿ ಕೆಲಸ. ದಿನವಿಡೀ ಕಟ್ಟಡಗಳನ್ನು ಹತ್ತಿ ಇಳಿದು, ಎಲ್ಲ ಕಡೆ ‘ಸುರಕ್ಷಿತ’ ಎಂಬ ಚೀಟಿ ಅಂಟಿಸಿ ಬರುವುದರಿಂದ ಮನೆಯಲ್ಲೂ ಅವರಿಗೆ ಎಲ್ಲವೂ ಸುರಕ್ಷಿತವಾಗಿಯೇ ಕಾಣುತ್ತದೆ.

“ಹಲ್ಲು ಒಂದೇ ರೀ. ಭಾನುವಾರ ಕಥೆ ಹೇಳೋದು ಹೇಗೆ?” ಎಂದರು ಅತ್ತಿಗೆ.

ಅಣ್ಣ ನನ್ನ ಕಡೆ ನೋಡಿದರು. ಆ ಮನೆಯಲ್ಲಿ ನನ್ನನ್ನು ಕರೆಯುವುದು ಮೌನಿ ಎಂದು. ಹೆಸರಿಗೆ ತಕ್ಕಂತೆ ನಾನು ಸುಮ್ಮನಿದ್ದೆ. ಆದರೆ ನನಗೂ ಆ ಭಾನುವಾರದ್ದೇ ಚಿಂತೆ.

ಅತ್ತಿಗೆಯ ಅಜ್ಜ ಷಟ್ಪದಿಯಲ್ಲಿ ದೇವರ ಒಂದು ದೊಡ್ಡ ಕಥೆ ಕಟ್ಟಿದ್ದರು. ಅದು ಅಚ್ಚಾಗಲಿಲ್ಲ, ಬರೆದಿಟ್ಟವರೂ ಇಲ್ಲ. ಅಜ್ಜ ಹೇಳುತ್ತ ಹೋದರು, ಮೊಮ್ಮಗಳು ಪಕ್ಕದಲ್ಲಿ ಕೂತು ಬಾಯಿಪಾಠ ಮಾಡಿದಳು. ಈಗ ಜಗತ್ತಿನಲ್ಲಿ ಆ ಕಾವ್ಯ ಇರುವುದು ಒಂದೇ ಜಾಗದಲ್ಲಿ, ಅತ್ತಿಗೆಯ ಬಾಯಲ್ಲಿ. ಟೈರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಈ ಪರದೇಶದ ನಮ್ಮ ಕನ್ನಡ ಸಂಘ ಭಾನುವಾರ ಮಧ್ಯಾಹ್ನ ಸೇರುತ್ತದೆ. ಅಲ್ಲಿ ಅವರು ವಾರಕ್ಕೊಂದು ಸಂಧಿಯಂತೆ ಹೇಳುತ್ತ ಬಂದಿದ್ದರು. ಕೊನೆಯ ಎರಡು ಸಂಧಿಗಳು ಉಳಿದಿದ್ದವು. ಪ್ರತಿ ಸಂಧಿಯೂ ಶುರುವಾಗುವುದು ಅಜ್ಜನ ಈ ಮಾತಿನಿಂದಲೇ:

ಹೇಳುವೆನು ಬಾಳೊಳಗೆ ಬೆಳಗುವ
ಕಾಳರಾತ್ರಿಯ ಕಳೆವ ಕತೆಯನು
ಕೇಳಿರೈ ಕಿವಿದೆರೆದು ಮನದೊಳಗಿಳಿಸಿಕೊಳ್ಳುತಲಿ

ಸಾಲಿನ ಎರಡನೆಯ ಅಕ್ಷರ ಎಲ್ಲ ಕಡೆ ಳ. ಅಜ್ಜನಿಗೆ ಆ ಅಕ್ಷರದ ಮೇಲೆ ಅದೇನು ಮೋಹವೋ, ಇಡೀ ಕಾವ್ಯದಲ್ಲಿ ಅದೇ ಹೊಳೆಯಂತೆ ಹರಿಯುತ್ತದೆ. ನಾಲಿಗೆಯ ತುದಿ ಹಿಂದಕ್ಕೆ ಮಡಚಿ, ಅಂಗುಳಕ್ಕೆ ತಾಗಿ, ಜಾರಿ ಬರಬೇಕು. ಅತ್ತಿಗೆಯ ಬಾಯಲ್ಲಿ ಅದು ಬರುವಾಗ ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ನಿದ್ದೆ ಮಾಡುತ್ತಿದ್ದಾನೆ ಎಂದು ಸಂಘದವರು ತಿಳಿದಿದ್ದರು.

ಹಲ್ಲಿನ ಡಾಕ್ಟರ ಹುಡುಕಾಟ ಫೋನಿನಲ್ಲಿ ಶುರುವಾಯಿತು. ಸಂಘದ ಒಬ್ಬರು ಹೇಳಿದರು:

“ಆ ಸೇತುವೆ ಹತ್ರ ಇದಾರಲ್ಲ, ಅವರ ಹತ್ರ ಹೋಗಿ. ಪಾರ್ಕಿಂಗು ತುಂಬಾ ಚೆನ್ನಾಗಿದೆ.”

“ಹಲ್ಲಿನ ಕೆಲಸ ಹೇಗೆ?”

“ಹಲ್ಲಾ? ಅದು ಗೊತ್ತಿಲ್ಲಪ್ಪ. ನಾನು ಕಾರಲ್ಲೇ ಕೂತಿದ್ದೆ.”

ಇನ್ನೊಬ್ಬರ ಡಾಕ್ಟರ ಬಳಿ ದೊಡ್ಡ ಮೀನಿನ ತೊಟ್ಟಿಯಿತ್ತು, ಮಕ್ಕಳು ಅಳುವುದೇ ಇಲ್ಲವಂತೆ. ಮತ್ತೊಬ್ಬರು ಕೊಟ್ಟದ್ದು ದೊಡ್ಡ ಪ್ರಮಾಣಪತ್ರ: “ಅವರ ಹತ್ರ ಹೋದವರು ಇವತ್ತಿನವರೆಗೆ ಯಾರೂ ಬಾಯಿಬಿಟ್ಟು ಕಂಪ್ಲೇಂಟ್ ಮಾಡಿಲ್ಲ.”

“ಬಾಯಿ ಉಳಿದಿದ್ರೆ ತಾನೇ ಬಿಡೋದು,” ಎಂದರು ಅತ್ತಿಗೆ, ತುಟಿಗೆ ಸೆರಗು ಅಡ್ಡ ಹಿಡಿದು.

ಕೊನೆಗೆ ಸಂಘದ ಕಾರ್ಯದರ್ಶಿಗಳೇ ಮನೆಗೆ ಬಂದರು. ಭಾಷೆ ಉಳಿಸುವ ಕೆಲಸದಲ್ಲಿ ಅವರಿಗೆ ಬಿಡುವೇ ಇರುವುದಿಲ್ಲ. ಬಂದವರೇ ಸೋಫಾದ ಮೇಲೆ ಕೂತು ತೊಡೆ ತಟ್ಟಿದರು.

“ಅಷ್ಟೆಲ್ಲಾ ಯಾಕೆ ಅಕ್ಕ ಹುಡುಕೋದು? ನಮ್ಮವರೇ ಒಬ್ಬರು ಇದಾರೆ. ನಾನು ಹೇಲಿದೆ ಅಂತ ಹೇಲಿ, ಸಾಕು.”

ಕಾರ್ಯದರ್ಶಿಗಳಿಗೆ ಳ ಬರುವುದಿಲ್ಲ. ಅವರು ಆಡಿದಂತೆಯೇ ಬರೆದಿದ್ದೇನೆ. ಓದುವವರು ಮೂಗು ಮುಚ್ಚಿಕೊಂಡು ಕ್ಷಮಿಸಬೇಕು.

‘ನಮ್ಮವರು’ ಎಂಬ ಮಾತಿಗೆ ಹೊರದೇಶದಲ್ಲಿ ಇರುವ ಮಹಿಮೆ ಊರಿನಲ್ಲಿಲ್ಲ. ಇದೇ ಮನುಷ್ಯ ಊರಿನ ಪಕ್ಕದ ಬೀದಿಯಲ್ಲಿ ಬೋರ್ಡು ಹಾಕಿಕೊಂಡು ಕೂತಿದ್ದರೆ, “ಅವನಾ? ಅವನ ಕೈಗೆ ಬಾಯಿ ಕೊಡ್ತಾರಾ ಯಾರಾದ್ರೂ?” ಎನ್ನುತ್ತಿದ್ದೆವು. ವಿಮಾನ ಹತ್ತಿ ಇಳಿದರೆ ಸಾಕು, ಅವನು ನಮ್ಮವನು. ಆಮೇಲೆ ಅವನ ತಪ್ಪೆಲ್ಲ ಮನೆಯ ಮಾತು, ಹೊರಗೆ ಆಡುವಂತಿಲ್ಲ.

ನಮ್ಮವರ ಕ್ಲಿನಿಕ್ಕು ಮೊಬೈಲ್ ರಿಪೇರಿ ಅಂಗಡಿಯ ಹಿಂದೆ. ಬಾಗಿಲಲ್ಲೇ ಡಾಕ್ಟರು ಕೈ ಹಿಡಿದು ಒಳಗೆ ಕರೆದರು. ಅತ್ತಿಗೆಯನ್ನು ಕುರ್ಚಿಯಲ್ಲಿ ಒರಗಿಸಿ, ಬಾಯಿಗೆ ಹತ್ತಿ ತುರುಕಿ, ಕನ್ನಡಿ ಕಡ್ಡಿ ಇಳಿಸಿದ ಮೇಲೆ ಯೋಗಕ್ಷೇಮ ವಿಚಾರಿಸತೊಡಗಿದರು.

“ನಿಮ್ಮ ತವರು ಯಾವ ಕಡೆ ಅಕ್ಕ?”

“ಆಆ…”

“ಓ, ಆ ಕಡೆನಾ! ನಮ್ಮ ದೊಡ್ಡಮ್ಮನ ಮನೆಯವರೂ ಅಲ್ಲೇ ಅಕ್ಕಪಕ್ಕ.”

ಅತ್ತಿಗೆ ತಲೆ ಅಲ್ಲಾಡಿಸಿದರು. ಅಲ್ಲ ಎಂದೋ, ನೋಯುತ್ತಿದೆ ಎಂದೋ. ಡಾಕ್ಟರಿಗೆ ಅದು ನೆಂಟಸ್ತಿಕೆಯಾಗಿ ಕಂಡಿತು. ಮಾತಿನ ಭರದಲ್ಲೇ ಇಕ್ಕುಳ ಹಾಕಿ ಎಳೆದರು. ತಟ್ಟೆಯಲ್ಲಿ ಠಣ್ ಎಂದದ್ದು ಒಂದು ಸಲವಲ್ಲ, ಎರಡು ಸಲ.

“ಪಕ್ಕದ್ದೂ ಸ್ವಲ್ಪ ಅಲ್ಲಾಡ್ತಾ ಇತ್ತು,” ಎಂದರು, ಅಣ್ಣನ ಕಡೆ ತಿರುಗಿ. “ಬೇರೆಯವರಾಗಿದ್ರೆ ಬಿಟ್ಟುಬಿಡ್ತಿದ್ದೆ. ನಮ್ಮವರಲ್ವಾ, ಅದನ್ನೂ ತೆಗೆದೆ.”

ಅಣ್ಣ ಹಲ್ಲು ಗಿಂಜಿ ಉಪಕಾರ ಸ್ಮರಿಸಿದರು. ಗಿಂಜಲು ಅವರಿಗೆ ಇನ್ನೂ ಇದ್ದವು.

ಗಾಯ ಮಾಗುವವರೆಗೆ ಭಾನುವಾರದ ಕಥೆಗೆ ಬಿಡುವು. ಮಾಗಿದ ಮೇಲೆ ಡಾಕ್ಟರು ಒಂದು ತಟ್ಟೆ ಮಾಡಿಕೊಟ್ಟರು. ಅಂಗುಳವನ್ನೆಲ್ಲ ಮುಚ್ಚುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕು, ಅದರ ಮುಂದೆ ಎರಡು ಹಲ್ಲು. ನೋಡಲು ಚೆನ್ನಾಗಿಯೇ ಇತ್ತು. ಅತ್ತಿಗೆ ಅದನ್ನು ಹಾಕಿಕೊಂಡು, ನಾಲಿಗೆ ಆಡಿಸಿ, ಮುಖ ಸಣ್ಣ ಮಾಡಿದರು.

“ಡಾಕ್ಟ್ರೇ, ಲ ಬರ್ತಾ ಇಲ್ಲ.”

“ಬಂತಲ್ಲ ಅಕ್ಕ, ಈಗ ತಾನೇ ಅಂದ್ರಿ.”

“ಆ ಲ ಅಲ್ಲ. ಲ!”

“ಯಾವ ಲ?”

“ಅಯ್ಯೋ ದೇವರೇ. ಲ ಅಲ್ಲ ಡಾಕ್ಟ್ರೇ… ಲ!”

ಬಾಯಲ್ಲಿಲ್ಲದ ಅಕ್ಷರದ ಬಗ್ಗೆ ಅದೇ ಬಾಯಿಂದ ದೂರು ಕೊಡುವುದು ಹೇಗೆ? ಅತ್ತಿಗೆ ನನ್ನ ಕಡೆ ನೋಡಿದರು. ನಾನು ಎದ್ದು ನಿಂತು ಹೇಳಿದೆ: “ಳ.”

“ಹಾಂ, ಅದನ್ನೇ ನಾನೂ ಹೇಲ್ತಾ ಇರೋದು, ಲ,” ಎಂದರು ಡಾಕ್ಟರು ಸಂತೋಷದಿಂದ. “ಬಂದೇ ಬರುತ್ತೆ. ನಾಲಿಗೆ ಹೊಂದಿಕೊಲ್ಲುತ್ತೆ.”

ಹೊಂದಿದ್ದು ಕಾಣಲಿಲ್ಲ, ಕೊಲ್ಲುವುದಂತೂ ಶುರುವಾಯಿತು. ಮನೆಯಲ್ಲಿ ಕಾಳು ಕಾಲಾಯಿತು, ಬಾಳು ಬಾಲವಾಗುವ ಹಾದಿ ಹಿಡಿಯಿತು. “ಒಳ್ಳೇದು” ಎನ್ನಲು ಹೋದರೆ “ಒಲ್ಲೇದು” ಎಂದು ಬರುತ್ತಿತ್ತು. ಇದರಿಂದ ಅಣ್ಣನಿಗೂ ಅವರಿಗೂ ಎರಡು ಸಲ ಜಗಳವೂ ಆಯಿತು.

ಭಾನುವಾರ ಬಂತು. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮಡಚುವ ಕುರ್ಚಿಗಳು, ಮೂಲೆಯಲ್ಲಿ ಕಾಫಿಯ ಫ್ಲಾಸ್ಕು, ಕೆಳಗಿನಿಂದ ಗಾಳಿ ತುಂಬುವ ಯಂತ್ರದ ಬುಸ್ ಸದ್ದು. ಅತ್ತಿಗೆ ಎದುರು ಕೂತು ಕಣ್ಣು ಮುಚ್ಚಿದರು. “ಹೇ” ಎಂದು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ದೇವರ ಕಥೆಯ ಮೊದಲ ಪದ. ಅದನ್ನು ಆ ತಟ್ಟೆಯೊಡನೆ ಮುಗಿಸಿದರೆ ಏನಾಗುತ್ತದೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಒಂದು ಉಸಿರು ತೆಗೆದುಕೊಂಡು ಹಳಗನ್ನಡಕ್ಕೆ ಓಡಿಹೋದರು:

“ಪೇಲುವೆನು ಬಾಲೊಲಗೆ ಬೆಲಗುವ…”

ಮಾನ ಉಳಿಯಿತು. ಉಳಿದದ್ದು ಅಷ್ಟೇ. ಅಜ್ಜನ ಪ್ರಾಸ ಸಾಲುಸಾಲಿಗೂ ಕಾಲು ಮುರಿದುಕೊಂಡು ಬೀಳುತ್ತ ಬಂತು. ಆ ದಿನ ನಾನು ಕಣ್ಣು ಮುಚ್ಚಲಿಲ್ಲ, ಸುತ್ತ ನೋಡಿದೆ. ಯಾರ ಮುಖದಲ್ಲೂ ಒಂದು ಗೆರೆ ಅಲುಗಲಿಲ್ಲ. ಮುಗಿದ ಮೇಲೆ ಎಂದಿನಂತೆ ಚಪ್ಪಾಳೆ. ಕಾರ್ಯದರ್ಶಿಗಳು ಎದ್ದು ನಿಂತು, “ಈ ವಾರವಂತೂ ಉಚ್ಚಾರಣೆ ಸ್ಫಟಿಕ! ನಮ್ಮ ಮಕ್ಕಲು ಇದನ್ನ ಕೇಲಿ ಕಲೀಬೇಕು,” ಎಂದರು.

ಮನೆಗೆ ಬಂದ ಅತ್ತಿಗೆ ತಟ್ಟೆಯನ್ನು ತೆಗೆದು ನೀರಿನ ಲೋಟಕ್ಕೆ ಹಾಕಲಿಲ್ಲ. ಹಾಗೇ ಅಡುಗೆಮನೆಯ ಸಿಂಕಿನ ಎದುರು ನಿಂತಿದ್ದರು.

“ಯಾರಿಗೂ ಗೊತ್ತೇ ಆಗ್ಲಿಲ್ಲ ಮೌನಿ.”

“ಒಳ್ಳೇದೇ ಆಯ್ತಲ್ಲೇ,” ಎಂದರು ಅಣ್ಣ ಹಾಲ್‌ನಿಂದ. “ಎಲ್ಲಾ ಸುರಕ್ಷಿತ.”

“ಹಾಗಾದ್ರೆ ಇಷ್ಟು ವಾರ ನಾನು ಯಾರಿಗೆ ಹೇ…” ಎಂದು ಶುರುಮಾಡಿದ ಅತ್ತಿಗೆ ಅರ್ಧದಲ್ಲೇ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಳುವುದಕ್ಕೂ ಆ ಪದ ಬಿಡಲಿಲ್ಲ.

ಕೊನೆಯ ಸಂಧಿಯನ್ನು ಮುಂದಕ್ಕೆ ಹಾಕಬೇಕೆಂದು ಅವರು ಕಾರ್ಯದರ್ಶಿಗಳಿಗೆ ತಿಳಿಸಿದರು. ಹಲ್ಲು ಸರಿಯಾಗದಿದ್ದರೆ ಅದನ್ನು ಹೇಳುವುದೇ ಇಲ್ಲ ಎಂದು ನನ್ನೊಬ್ಬನ ಹತ್ತಿರ ಅಂದರು. ಅವರ ಸ್ವಭಾವ ನನಗೆ ಗೊತ್ತು. ಹಾಗೆಂದರೆ ಹಾಗೇ. ಅಜ್ಜನ ಕಥೆಗೆ ಮಂಗಳವಿಲ್ಲದೆ ಹೋಗುತ್ತಿತ್ತು.

“ಮಂಗಲ ಅಂದ್ರೂ ತಪ್ಪಿಲ್ವಂತೆ, ಸಂಸ್ಕೃತದಲ್ಲಿ ಹಾಗೇ ಇರೋದಂತೆ,” ಎಂದು ಅಣ್ಣ ಸಮಾಧಾನ ಹೇಳಿದರು. ಆ ದಿನ ಅವರಿಗೆ ಎರಡನೆಯ ಸಲ ಕಾಫಿ ಸಿಗಲಿಲ್ಲ.

ಎರಡನೆಯ ಡಾಕ್ಟರನ್ನು ಹುಡುಕಿದ್ದು ಅಣ್ಣನ ಮಗಳು. ಅವಳು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನೋವಿನ ಮಾತ್ರೆ ಕೊಳ್ಳಲು ಯಾವ ಡಾಕ್ಟರ ರೋಗಿಗಳು ಮತ್ತೆ ಮತ್ತೆ ಬರುತ್ತಾರೆ, ಯಾರ ರೋಗಿಗಳು ಬರುವುದಿಲ್ಲ ಎಂದು ಅವಳಿಗೆ ಕಾಣುತ್ತಿತ್ತು. ಅಷ್ಟು ದಿನ ನಾವು ಪಾರ್ಕಿಂಗು, ಮೀನು, ನೆಂಟಸ್ತಿಕೆ ಎಲ್ಲ ವಿಚಾರಿಸಿದ್ದೆವು; ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಈ ಡಾಕ್ಟರು ಆ ದೇಶದವರೇ ಆದ ಹೆಂಗಸು. ಮಾತು ಕಡಿಮೆ, ಬಿಳಿಗೂದಲು, ಮೂಗಿನ ತುದಿಯಲ್ಲಿ ಕನ್ನಡಕ. ಬಾಯಲ್ಲಿ ಕೈಯಿಟ್ಟಾಗ ಪ್ರಶ್ನೆ ಕೇಳಲಿಲ್ಲ. ಅಷ್ಟಕ್ಕೇ ಅತ್ತಿಗೆಗೆ ಅರ್ಧ ನಂಬಿಕೆ ಬಂತು. ಹಳೆಯ ತಟ್ಟೆಯನ್ನು ಚಿಮುಟದಲ್ಲಿ ಎತ್ತಿ ನೋಡಿ, ಸತ್ತ ಇಲಿಯನ್ನು ಹಾಕುವಂತೆ ಬುಟ್ಟಿಗೆ ಹಾಕಿದರು. ಅಚ್ಚು ತೆಗೆದು ಹೊಸದನ್ನು ಮಾಡಿಸಿದರು. ಅದು ಬಾಯಲ್ಲಿ ಕೂತಾಗ ಅಲುಗಲೇ ಇಲ್ಲ. ಆಮೇಲೆ ಅಲ್ಲಿಯ ಭಾಷೆಯಲ್ಲಿ ಅಂಕಿಗಳನ್ನು ಎಣಿಸಲು ಹೇಳಿದರು, ಇನ್ನೂ ಕೆಲವು ಪದಗಳನ್ನು ಹೇಳಿಸಿದರು. ಒಂದೊಂದಕ್ಕೂ ಕಿವಿಗೊಟ್ಟು ಅಲ್ಲಿ ಇಲ್ಲಿ ಉಜ್ಜಿದರು. ಎಲ್ಲ ಪದವೂ ಮುತ್ತಿನಂತೆ ಬಂತು.

“ಹೇಗಿದೆ?” ಎಂದು ಕೇಳಿದರು.

ಅತ್ತಿಗೆಯ ಪರವಾಗಿ ಅಣ್ಣನೇ ಆ ಭಾಷೆಯಲ್ಲಿ, “ಬಹಳ ಸಂತೋಷ,” ಎಂದರು.

ಮನೆಗೆ ಬರುವ ದಾರಿಯಲ್ಲಿ ಅಂಗಡಿಗೆ ಹೋದೆವು. ಅತ್ತಿಗೆ ಏನು ಹೇಳಿದರೂ ಹುಬ್ಬು ಗಂಟಿಕ್ಕಿ “ಏನು?” ಎನ್ನುತ್ತಿದ್ದ ಕೌಂಟರಿನ ಹೆಂಗಸು ಅವತ್ತು ಮೊದಲ ಸಲಕ್ಕೇ ಅರ್ಥಮಾಡಿಕೊಂಡು, ನಕ್ಕು, ಹವಾಮಾನದ ಬಗ್ಗೆಯೂ ಎರಡು ಮಾತಾಡಿದಳು. ಆ ದೇಶದ ಭಾಷೆಗೆ ನಾಲಿಗೆ ಹಿಂದಕ್ಕೆ ಮಡಚುವ ಅಗತ್ಯವಿಲ್ಲ. ಈ ತಟ್ಟೆ ಮಡಚಲು ಬಿಡುತ್ತಲೂ ಇರಲಿಲ್ಲ.

“ಅಮ್ಮಾ, ಥೇಟ್ ಇಲ್ಲಿಯವಲ ಥರಾನೇ ಮಾತಾಡ್ತೀಯ!” ಎಂದು ಜೊತೆಗಿದ್ದ ಮಗಳು ಕುಣಿದಳು. ಅವಳಿಗೂ ಳ ಬರುವುದಿಲ್ಲ. ಸಂಘದ ಕನ್ನಡ ತರಗತಿಯಲ್ಲಿ ಅವಳಿಗೆ ಪಾಠ ಹೇಳಿಕೊಟ್ಟವರು ಕಾರ್ಯದರ್ಶಿಗಳು.

“ಸುಮ್ಮನಿರೇ ಮಗಲೇ,” ಎಂದ ಅತ್ತಿಗೆ ತಮ್ಮ ದನಿ ತಾವೇ ಕೇಳಿ ನಿಂತರು. ಕೈಯಲ್ಲಿದ್ದ ಚೀಲವನ್ನು ನನಗೆ ಕೊಟ್ಟರು. “ರೀ, ನಾಲೆ ಮತ್ತೆ ಅಲ್ಲಿಗೆ ಹೋಗ್ಬೇಕು.”

“ಒಂದು ಅಕ್ಷರಕ್ಕಾ? ಐವತ್ತು ಅಕ್ಷರ ಇದೆಯಲ್ಲೇ, ಉಳಿದದ್ದರಲ್ಲಿ ಸಂಸಾರ ಮಾಡು! ಪಾಪ, ಆಕೆ ಏನು ತಿಳ್ಕೊಳ್ತಾಳೆ?”

ಇಬ್ಬರು ಡಾಕ್ಟರುಗಳಲ್ಲಿ ಅಣ್ಣನಿಗೆ ಒಬ್ಬರ ಎದುರು ನೆಂಟಸ್ತಿಕೆಯ ಸಂಕೋಚ, ಇನ್ನೊಬ್ಬರ ಎದುರು ಪರದೇಶಿಯ ಸಂಕೋಚ. ಹೆಂಡತಿಯ ಬಾಯಿ ಮಾತ್ರ ಸಂಕೋಚವಿಲ್ಲದೆ ಕೊಡಬಹುದಾದ ವಸ್ತು. ಆದರೂ ಮರುದಿನ ಬಂದರು, ಗೊಣಗುತ್ತ.

ಡಾಕ್ಟರು ಕೇಳಿದರು: “ಏನು ತೊಂದರೆ?”

ಅತ್ತಿಗೆ ಕನ್ನಡದಲ್ಲಿ ಅಣ್ಣನಿಗೆ ಹೇಳಿದರು. ನಿಧಾನವಾಗಿ, ಕೈಬೆರಳಿನಿಂದ ಅಂಗುಳ ತೋರಿಸಿ ಹೇಳಿದರು. ಅಜ್ಜನ ಕಥೆ, ಪ್ರಾಸ, ಮೊದಲ ಪದದಲ್ಲಿ ಆಗುವ ಅನಾಹುತ, ಕೊನೆಯ ಸಂಧಿ, ಎಲ್ಲವನ್ನೂ. ಅಣ್ಣ ತಲೆಯಾಡಿಸುತ್ತ ಪೂರ್ತಿ ಕೇಳಿ, ಡಾಕ್ಟರ ಕಡೆ ತಿರುಗಿ, ಅಲ್ಲಿಯ ಭಾಷೆಯಲ್ಲಿ ಒಂದೇ ಮಾತು ಹೇಳಿದರು:

“ತುಂಬಾ ಆರಾಮವಾಗಿದೆಯಂತೆ. ಧನ್ಯವಾದ ಹೇಳೋದಕ್ಕೆ ಬಂದಳು.”

ಡಾಕ್ಟರು ಮುಗುಳ್ನಕ್ಕು ಕೈಗವಸು ಕಳಚತೊಡಗಿದರು. ಆಗ ಕುರ್ಚಿಯಿಂದ ಆ ದೇಶದ ಭಾಷೆ ಕೇಳಿಸಿತು, ಒಂದು ಅಕ್ಷರವೂ ತೊದಲದೆ, ಅಲ್ಲಿಯೇ ಹುಟ್ಟಿ ಬೆಳೆದವರ ಹಾಗೆ.

“ಇವರು ಸುಳ್ಳು ಹೇಳುತ್ತಿದ್ದಾರೆ,” ಎಂದರು ಅತ್ತಿಗೆ. “ಕೈಗವಸು ಬಿಚ್ಚಬೇಡಿ.”

ಅಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ಡಾಕ್ಟರು ಒಮ್ಮೆ ಅದರೊಳಗೂ ಕಣ್ಣು ಹಾಯಿಸಿ, ಅತ್ತಿಗೆಯ ಕಡೆ ಬಾಗಿದರು.

“ನೀವು ಕೊಟ್ಟ ಹಲ್ಲು ನಿಮ್ಮ ಭಾಷೆಯನ್ನು ಚೆನ್ನಾಗಿ ಆಡುತ್ತದೆ,” ಎಂದರು ಅತ್ತಿಗೆ. “ಅದರಿಂದಲೇ ಇಷ್ಟನ್ನು ಹೇಳಲು ಸಾಧ್ಯವಾಯಿತು. ಆದರೆ ನನ್ನ ಭಾಷೆಯನ್ನು ಆಡುವುದಿಲ್ಲ. ನನಗೆ ಬೇಕಾದದ್ದು ಅದು.”

“ನಿನ್ನೆ ಕೇಳಿದೆನಲ್ಲ?”

“ನಿನ್ನೆ ನೀವು ಕೇಳಿದ್ದು ನನ್ನನ್ನು. ಹೇಳಿದ್ದು ಇವರು.”

ಡಾಕ್ಟರು ಅಣ್ಣನಿಗೆ ಹೊರಗಿನ ಕೋಣೆಯ ಬಾಗಿಲು ತೋರಿಸಿದರು. ನಾನು ಮೂಲೆಯಲ್ಲಿ ಸದ್ದಿಲ್ಲದೆ ನಿಂತಿದ್ದರಿಂದ ಯಾರೂ ಹೊರಗೆ ಕಳಿಸಲಿಲ್ಲ. ತಟ್ಟೆಯನ್ನು ತೆಗೆದು ಒರೆಸಿ, ಅದರ ಮೇಲೆ ಬಿಳಿ ಪುಡಿ ಉದುರಿಸಿ, ಮತ್ತೆ ಬಾಯಿಗಿಟ್ಟು, “ಈಗ ನಿಮ್ಮ ಭಾಷೆಯಲ್ಲಿ ಹೇಳಿ,” ಎಂದರು. ನಾಲಿಗೆ ತಾಗಿದ ಕಡೆ ಪುಡಿ ಅಳಿಸುತ್ತದೆ. ಎಲ್ಲಿ ಅಡ್ಡಿಯಿದೆಯೋ ಅಲ್ಲಿ ಉಜ್ಜಿದರಾಯಿತು. ಇಷ್ಟೇ ವಿದ್ಯೆ. ನಮ್ಮವರೂ ಇದನ್ನು ಓದಿಯೇ ಇರಬೇಕು. ಆದರೆ ಕಿವಿಗೆ ಕಾಲೇಜಿನಲ್ಲಿ ಪರೀಕ್ಷೆಯಿಲ್ಲ.

ಅತ್ತಿಗೆ ಕಣ್ಣು ಮುಚ್ಚಿದರು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕಾಲು ಚಾಚಿ, ಕೊರಳಿಗೆ ಕಾಗದದ ಬಿಬ್ಬು ಕಟ್ಟಿಕೊಂಡು, ಅಜ್ಜನ ಪದ್ಯ ಶುರುಮಾಡಿದರು. ಅಲ್ಲಿ ಮಾನ ಕಾಯುವ ಅಗತ್ಯವಿರಲಿಲ್ಲ, ಆದ್ದರಿಂದ ಹಳಗನ್ನಡಕ್ಕೆ ಹೋಗಲಿಲ್ಲ. ಆ ಪದವನ್ನೇ ಹೇಳಿದರು, ಅದು ಬರುವ ಹಾಗೆಯೇ. ನಾನು ರಾಮರಾಮ ಎಂದುಕೊಂಡೆ. ಡಾಕ್ಟರು ತಟ್ಟೆ ತೆಗೆದು, ಬೆಳಕಿಗೆ ಹಿಡಿದು, ಉಜ್ಜಿದರು. ಮತ್ತೆ ಪುಡಿ, ಮತ್ತೆ ಪದ್ಯ, ಮತ್ತೆ ಉಜ್ಜು. ಅರ್ಥ ತಿಳಿಯದ ಆ ಹೆಂಗಸು ಅಷ್ಟು ಸಲವೂ ತಲೆ ಬಾಗಿಸಿ ಕೇಳಿದರು. ಒಂದು ಸಲ ಅವರೇ ಕೈಯೆತ್ತಿ ನಿಲ್ಲಿಸಿ, “ಈ ಸಾಲಿನಲ್ಲಿ ಮೊದಲೇ ಒಮ್ಮೆ ಬಂತು, ಇಲ್ಲಿ ಬರಲಿಲ್ಲ,” ಎಂದರು. ‘ಮನದೊಳಗಿಳಿಸಿ’ ಎಂಬಲ್ಲಿ. ನನಗೂ ಅಲ್ಲಿಯೇ ತಡೆದಂತಾಗಿತ್ತು.

ಮತ್ತೊಮ್ಮೆ ಉಜ್ಜಿ ಹಾಕಿದರು. ಅತ್ತಿಗೆ ಬಾಯಿ ತೆರೆದರು.

“ಹೇಳುವೆನು…”

ಮುಂದೆ ಹೋಗಲಿಲ್ಲ. ಅದೇ ಪದವನ್ನು ಮತ್ತೆ ಹೇಳಿದರು. ಆಮೇಲೆ ಹೊರಗಿನ ಬಾಗಿಲ ಕಡೆ ತಿರುಗಿ, ಗಂಟಲೆತ್ತಿ ಕೂಗಿದರು: “ರೀ, ಕೇಳಿಸ್ತಾ? ಒಳಗೆ ಬನ್ನಿ! ಒಳ್ಳೇದು ಅಂತೀನಿ ಕೇಳಿ, ಒಳ್ಳೇದು, ಒಳ್ಳೇದು!”

ಬೆಲೆ ತೆರದೆ ಏನೂ ಸಿಗುವುದಿಲ್ಲ. ಉಜ್ಜಿ ತೆಳುವಾದ ಕಡೆ ಗಾಳಿ ನುಗ್ಗಿ, ಅಲ್ಲಿಯ ಭಾಷೆಯ ಅಂಕಿಗಳು ಈಗ ಸೀಟಿ ಹೊಡೆಯುತ್ತಿದ್ದವು. ಅಂಗಡಿಯ ಹೆಂಗಸು ಮತ್ತೆ ಹುಬ್ಬು ಗಂಟಿಕ್ಕಿ “ಏನು?” ಎಂದಳು. ಅತ್ತಿಗೆ ಬೇಕಾದದ್ದನ್ನು ಬೆರಳಲ್ಲಿ ತೋರಿಸಿ ತಂದರು.

ಕೊನೆಯ ಸಂಧಿಯ ದಿನ ಕೋಣೆ ತುಂಬಿತ್ತು. ಅತ್ತಿಗೆ ಎದುರು ಕೂತು, ಯಾರನ್ನೂ ನೋಡದೆ ಶುರುಮಾಡಿದರು. ಕೆಳಗೆ ಗಾಳಿಯಂತ್ರ ಬುಸುಗುಟ್ಟುತ್ತಿದ್ದರೂ ಒಂದೊಂದು ಳವೂ ನೀರೊಳಗಿನ ಕಲ್ಲಿನಂತೆ ನುಣ್ಣಗೆ ಹೊಳೆಯುತ್ತ ಬಂತು. ನಾನು ಕಣ್ಣು ಮುಚ್ಚಿದೆ. ಪಕ್ಕದವರು ನನ್ನನ್ನು ಎಬ್ಬಿಸಲು ಮೊಣಕೈಯಲ್ಲಿ ತಿವಿದರು. ಮಂಗಳದ ಪದ್ಯ ಮುಗಿಯಿತು, ಮಂಗಲವಲ್ಲ, ಮಂಗಳ.

ಚಪ್ಪಾಳೆ ಬಂತು. ಹಿಂದಿನ ಸಲ ಬಂದಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕಾರ್ಯದರ್ಶಿಗಳು ಕಾಫಿ ಲೋಟ ಹಿಡಿದು ಮುಂದೆ ಬಂದರು.

“ಅಕ್ಕಾ, ಹೋದ ಸಲದ ಥರಾನೇ ತುಂಬಾ ಚೆನ್ನಾಗಿ ಹೇಲಿದ್ರಿ!”

ಅತ್ತಿಗೆ ಎರಡು ಹೊಸ ಹಲ್ಲೂ ಕಾಣುವಂತೆ ನಕ್ಕರು.

“ನಿಮಗೂ ಆ ಡಾಕ್ಟರ ವಿಳಾಸ ಕೊಡ್ಲಾ?”

“ನನಗ್ಯಾಕಕ್ಕ? ನನ್ನ ಹಲ್ಲು ಮೂವತ್ತೆರಡೂ ಗಟ್ಟಿ ಇವೆಯಲ್ಲ!”

“ಅಯ್ಯೋ ಹೌದಲ್ವಾ,” ಎಂದರು ಅತ್ತಿಗೆ, ತಂಬೂರಿಯ ಶ್ರುತಿಯಂತೆ ಮೆಲ್ಲಗೆ. “ಹಾಗಾದ್ರೆ ಅವರ ಕೈಲೂ ಆಗೋದಿಲ್ಲ ಬಿಡಿ.”